ಮುದ್ದತು ಮುಗಿದ ಠೇವು

ಕಾಗದ ಗಟ್ಟಿಯಾಗಿರುತ್ತದೆ. ಸುತ್ತ ಹಸಿರೋ ಕೆಂಪೋ ಬಳ್ಳಿಯ ಅಂಚು, ನೆತ್ತಿಯ ಮೇಲೆ ದೇವರ ಇಲ್ಲವೇ ಶರಣರ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಪತ್ತಿನ ಸಹಕಾರಿ ಸಂಘದ ಹೆಸರು, ಕೊನೆಗೆ ‘ನಿಯಮಿತ’. ಠೇವುದಾರರ ಹೆಸರು, ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ರಕಮು, ಬಡ್ಡಿಯ ದರ, ಮುದ್ದತು ಮುಗಿಯುವ ತಾರೀಖು, ಅಂದು ಕೈಗೆ ಬರಬೇಕಾದ ಒಟ್ಟು ಮೊತ್ತ. ದುಡ್ಡು ಇಮ್ಮಡಿಯಾಗುವ ಯೋಜನೆಯಾದರೆ ಮೇಲೆ ಓರೆಯಾಗಿ ‘ದಾಮದುಪ್ಪಟ್ಟು’ ಎಂಬ ಶಿಕ್ಕೆ. ಕೆಳಗೆ ಮ್ಯಾನೇಜರರ ಸಹಿ, ಚೇರಮನ್ನರ ಸಹಿ, ನೇರಳೆ ಬಣ್ಣದ ದುಂಡು ಮೊಹರು. ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಹಣಿ, ರೇಷನ್ ಕಾರ್ಡಿನ ಜೊತೆ ಟ್ರಂಕಿನ ತಳದಲ್ಲಿ ಇಟ್ಟಿರುತ್ತಾರೆ. ಮಗಳ ಲಗ್ನ, ಮೊಮ್ಮಗನ ಕಾಲೇಜು, ಮಂಡಿಯ ಆಪರೇಷನ್ನು ಎಲ್ಲದರ ಲೆಕ್ಕವೂ ಆ ಒಂದು ತಾರೀಖಿಗೆ ಕಟ್ಟುಬಿದ್ದಿರುತ್ತದೆ.

ತಾರೀಖು ಬರುತ್ತದೆ. ದುಡ್ಡು ಬರುವುದಿಲ್ಲ.

ಇಂಥ ಊರುಗಳಲ್ಲಿ ಒಂದಾದ ಸಾವಳಗಿ ಇರುವುದು ಕೃಷ್ಣೆಯ ಬಡಗಣ ದಂಡೆಯ ಕಡೆ, ಜಮಖಂಡಿ ತಾಲ್ಲೂಕಿನ ಮೇಲ್ತುದಿಯಲ್ಲಿ. ಒಂದು ಕಾಲಕ್ಕೆ ಜೋಳ ನಂಬಿ ಮುಗಿಲು ನೋಡುತ್ತಿದ್ದ ಸೀಮೆ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಹೊಳೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದೇ ಹೆಸರು. ನೀರು ನಿಂತಿತು, ಪಂಪು ಕೂತವು, ಕಬ್ಬು ಬೆಳೆಯಿತು, ದ್ರಾಕ್ಷಿಯ ಚಪ್ಪರ ಎದ್ದವು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಗಂಟಾಗಿ ಬರುವ ದುಡ್ಡು, ಅದನ್ನು ಎಲ್ಲಾದರೂ ಇಡಲೇಬೇಕು. ಅತ್ತ ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರು ಹೊಲ ನುಂಗಿ, ಹೊಲದ ಬದಲು ಪರಿಹಾರದ ಚೆಕ್ಕು ಕೊಟ್ಟಿತು. ಇತ್ತ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳದ ನಡುವೆಯೇ ಪಿಗ್ಮಿ ಏಜಂಟ್ ಸಂಜೆ ಸಂಜೆ ಬಾಗಿಲಿಗೆ ಬಂದು ಚಿಲ್ಲರೆ ಎಣಿಸಿಕೊಂಡು ಹೋಗುತ್ತಾನೆ. ಪಿಗ್ಮಿಯ ಹುಟ್ಟೂ ನೇಕಾರರ ನೆರಳಿನಲ್ಲೇ ಆದದ್ದು. 1925ರಲ್ಲಿ ಕರಾವಳಿಯ ಕೈಮಗ್ಗದವರಿಗೆ ಆಸರೆಯಾಗಲೆಂದು ಉಡುಪಿಯಲ್ಲಿ ಶುರುವಾದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ದಿನಕ್ಕೆ ಎರಡಾಣೆ ಉಳಿಸುವ ಪಿಗ್ಮಿಯನ್ನು 1928ರಲ್ಲಿ ಅದೇ ಶುರುಮಾಡಿತು.

ಹೀಗೆ ಕೂಡಿದ ದುಡ್ಡು ಬ್ಯಾಂಕಿಗೆ ಹೋಗದೆ ಸೊಸೈಟಿಗೆ ಹೋಗುವುದಕ್ಕೆ ಕಾರಣ ಬರೀ ದುರಾಸೆ ಅಲ್ಲ. ಬಡ್ಡಿ ಒಂದೆರಡು ಪೈಸೆ ಜಾಸ್ತಿ ಎಂಬುದು ಖರೆ. ಆದರೆ ಬ್ಯಾಂಕಿನ ಸಾಹೇಬರಿಗೆ ನಮ್ಮ ಮಾತು ತಿಳಿಯುವುದಿಲ್ಲ, ಫಾರ್ಮು ತುಂಬಿಕೊಡುವವರಿಲ್ಲ, ಮೂರು ವರ್ಷಕ್ಕೆ ಅವರಿಗೆ ವರ್ಗ. ಸೊಸೈಟಿಯಲ್ಲಿ ಕುರ್ಚಿ ಕೊಟ್ಟು ಚಾ ತರಿಸುತ್ತಾರೆ. ಕ್ಲಾರ್ಕು ನಮ್ಮ ಓಣಿಯ ಹುಡುಗ, ಡೈರೆಕ್ಟರು ಬೀಗರ ಪೈಕಿ, ಚೇರಮನ್ನರು ಜಾತ್ರೆಯಲ್ಲಿ ತೇರಿನ ಮುಂದೆ ನಿಲ್ಲುವವರು. ನಾಡಿಗೆ ಸಹಕಾರದ ಹಾದಿ ತೋರಿಸಿದ್ದೇ ಈ ಉತ್ತರದ ಸೀಮೆ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘದಿಂದ ಶುರುವಾದ ವಿಶ್ವಾಸ ಅದು. ಹಳ್ಳಿಯವನು ಸಂಘಕ್ಕೆ ದುಡ್ಡು ಕೊಡುವಾಗ ಆ ನೂರಿಪ್ಪತ್ತು ವರ್ಷದ ವಿಶ್ವಾಸವನ್ನೂ ಜೊತೆಗೇ ಕೊಟ್ಟಿರುತ್ತಾನೆ.

ಮುದ್ದತು ಮುಗಿದ ಮೇಲಿನ ಕೌಂಟರನ್ನು ನೋಡಬೇಕು. ಶಟರು ಅರ್ಧ ಏರಿದೆ. ಒಳಗೆ ಫ್ಯಾನು ತಿರುಗುತ್ತಿದೆ, ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದೆ. ಗೋಡೆಯ ಮೇಲೆ ವಾರ್ಷಿಕ ಸಭೆಯ ಫೋಟೋ, ಹಾರ, ಶಾಲು. ಬೆಂಚಿನ ಮೇಲೆ ಧೋತರದ ಹಿರಿಯರು, ಸೆರಗಿನಲ್ಲಿ ಚೀಲ ಮುಚ್ಚಿಕೊಂಡ ಅವ್ವಂದಿರು. ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ.

“ಮಾರ್ಚ್ ಕಳೀಲಿ ತಗೋರಿ ಕಾಕಾ, ವಸೂಲಿ ನಡದೈತಿ.”

“ಹ್ವಾದ ಮಾರ್ಚಿಗೂ ಹಿಂಗ ಅಂದಿದ್ದೆಲ್ಲೋ ತಮ್ಮಾ?”

“ನಮ್ಮ ಕೈಯಾಗ ಏನೈತ್ರಿ? ಚೇರಮನ್ನರು ಬರ್ಲಿ, ಕೇಳೋಣಂತ.”

ಚೇರಮನ್ನರು ಬೆಳಗಾವಿಗೆ ಹೋಗಿರುತ್ತಾರೆ, ಬೆಂಗಳೂರಿಗೆ ಹೋಗಿರುತ್ತಾರೆ. ಬಹಳ ಹಟ ಹಿಡಿದವರಿಗೆ ಸಾವಿರ, ಎರಡು ಸಾವಿರ ಎಣಿಸಿಕೊಡುತ್ತಾರೆ, ಲಕ್ಷದ ಠೇವಿನ ಪಾವತಿಯ ಬೆನ್ನಿಗೆ ಅದನ್ನು ಬರೆಯುತ್ತಾರೆ. ಇನ್ನು ಕೆಲವರಿಗೆ “ರಿನಿವಲ್ ಮಾಡ್ರಿ, ಬಡ್ಡಿ ಆದ್ರೂ ಓಡ್ತೈತಿ” ಎಂಬ ಉಪಾಯ. ಹಳೆಯ ಪಾವತಿ ಒಳಗೆ ಹೋಗುತ್ತದೆ, ಹೊಸ ತಾರೀಖಿನ ಹೊಸ ಪಾವತಿ ಹೊರಗೆ ಬರುತ್ತದೆ. ಕೊಡಲಾಗದವನ ಬಾಕಿ ಆ ಒಂದು ಸಹಿಯಿಂದ ಕೇಳಲಾಗದವನ ಒಪ್ಪಿಗೆಯಾಗಿ ಮಾರ್ಪಡುತ್ತದೆ. ನನಗೆ ಈ ರಿನಿವಲ್ ಎಂಬುದು ಸುಳ್ಳು ಹೇಳುವುದಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ.

ಆದರೂ ಜನ ಜೋರು ಮಾಡುವುದಿಲ್ಲ. ಗದ್ದಲ ಮಾಡಿದರೆ ಸೊಸೈಟಿ ಪೂರಾ ಮುಳುಗುತ್ತದೆ, ಬರುವುದೂ ಬರುವುದಿಲ್ಲ ಎಂಬ ಅಂಜಿಕೆ. ನಾಳೆ ಮದುವೆ, ಮಣ್ಣು ಎಂದರೆ ಅದೇ ಚೇರಮನ್ನರ ಮುಖ ನೋಡಬೇಕೆಂಬ ಮುಲಾಜು. ಕೊಟ್ಟ ದುಡ್ಡು ಕೇಳುವವನೇ ತಲೆ ತಗ್ಗಿಸಿ ನಿಲ್ಲುವ ಇಂಥ ಜಾಗ ಬೇರೆ ಇರಲಿಕ್ಕಿಲ್ಲ.

ಬ್ಯಾಂಕು ಬೇರೆ, ಸೊಸೈಟಿ ಬೇರೆ ಎಂಬುದು ದುಡ್ಡು ಸಿಕ್ಕಿಕೊಂಡ ಮೇಲೆಯೇ ಬಹಳ ಜನಕ್ಕೆ ತಿಳಿಯುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಡ, ಪಕ್ಕದ ಮುಧೋಳವೇ ಇದೆ. ಮುಧೋಳ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕು 2022ರ ಜೂನ್ 8ರಂದು ರದ್ದು ಮಾಡಿತು. ಬ್ಯಾಂಕಿನ ಬಾಗಿಲೇನೋ ಮುಚ್ಚಿತು, ಆದರೆ ಶೇ. 99ಕ್ಕೂ ಹೆಚ್ಚು ಠೇವಣಿದಾರರಿಗೆ ಠೇವಣಿ ವಿಮಾ ನಿಗಮದಿಂದ ಪೂರ್ತಿ ಹಣ ಪಡೆಯುವ ಹಕ್ಕಿತ್ತು. ಕಾರಣ, ಪರವಾನಗಿ ಇರುವ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿ 4ಕ್ಕೆ ಮೊದಲು ಅದು 1 ಲಕ್ಷ ಇತ್ತು. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದ ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲವೇ ಇಲ್ಲ. ಪರವಾನಗಿ ಇಲ್ಲದೆ ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಳ್ಳುವ ಸಂಘಗಳ ಬಗ್ಗೆ ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆ ಪತ್ರಿಕೆಗಳಲ್ಲಿ ಬಂತು, ಟ್ರಂಕಿನ ತಳದವರೆಗೆ ಮುಟ್ಟಲಿಲ್ಲ.

ಹಾಗಾಗಿ ಸೊಸೈಟಿಯ ಠೇವುದಾರ ಕೊನೆಗೆ ಬಾಗಲಕೋಟೆಯ ಬಸ್ಸು ಹತ್ತುತ್ತಾನೆ. ಸಾವಳಗಿಯವರಿಗೆ ವಿಜಯಪುರವೇ ಹತ್ತಿರ. ಆದರೆ 1997ರಲ್ಲಿ ಜಿಲ್ಲೆ ಒಡೆದ ಮೇಲೆ ಕಚೇರಿ ಕೆಲಸಕ್ಕೆಲ್ಲ ಹೊಳೆ ದಾಟಿ, ಜಮಖಂಡಿ ಹಾದು, ಬಾಗಲಕೋಟೆ ಸೇರಬೇಕು. ಹಿನ್ನೀರಿಗೆ ಊರು ಕಳೆದುಕೊಂಡವರಿಗಾಗಿ ಕಟ್ಟಿದ ನವನಗರ ಅಲ್ಲಿದೆ, ಸೆಕ್ಟರುಗಳ ಲೆಕ್ಕದಲ್ಲಿ ವಿಳಾಸ ಹೇಳುವ ಊರು. ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಬರುವ ದೂರುಗಳಲ್ಲಿ ಕೆಟ್ಟ ಬೀಜ, ವಿಮೆ ಕೊಡದ ಕಂಪನಿಗಳ ಜೊತೆಗೆ ಈ ಮುದ್ದತು ಮುಗಿದ ಠೇವುಗಳೂ ಇರುತ್ತವೆ. ಬಾಕಿ ದೂರಿನಲ್ಲಿ ತಪ್ಪು ಯಾರದೆಂದು ಹುಡುಕಬೇಕು. ಇದರಲ್ಲಿ ಹುಡುಕುವುದು ಕಡಿಮೆ. ಯಾರು ಕೊಟ್ಟರು, ಯಾರು ಇಸಿದುಕೊಂಡರು, ಯಾವತ್ತು ತಿರುಗಿಸಬೇಕಿತ್ತು ಎಲ್ಲವೂ ಆ ಗಟ್ಟಿ ಕಾಗದದ ಮೇಲೇ ಇದೆ.

ಸಂಘದ ಪರ ವಕೀಲರ ತಕರಾರೂ ಬಹುಪಾಲು ಗೊತ್ತಿದ್ದದ್ದೇ. ಸಾಲಗಾರರು ಕಟ್ಟಿಲ್ಲ, ಕೊರೊನಾ ಬಂತು, ಹಿಂದಿನ ಆಡಳಿತ ಮಂಡಳಿಯ ತಪ್ಪು. ಕಾನೂನಿನ ತಕರಾರು ಒಂದಿದೆ: ಅರ್ಜಿದಾರರು ಸಂಘದ ಸದಸ್ಯರು, ಗ್ರಾಹಕರಲ್ಲ, ಸದಸ್ಯರ ತಂಟೆಯನ್ನು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ನಿಬಂಧಕರ ಮುಂದೆಯೇ ಬಗೆಹರಿಸಿಕೊಳ್ಳಬೇಕು. ಇದಕ್ಕೆ ಸುಪ್ರೀಂ ಕೋರ್ಟು 2003ರಲ್ಲೇ ಉತ್ತರ ಕೊಟ್ಟಾಗಿದೆ. ತಮಿಳುನಾಡಿನ ತಿರುಮುರುಗನ್ ಕೃಷಿ ಪತ್ತಿನ ಸಂಘದಲ್ಲಿ ಭತ್ತದ ಚೀಲ ಒತ್ತೆಯಿಟ್ಟು ಸಾಲ ತಂದಿದ್ದ ಸದಸ್ಯರು ಗ್ರಾಹಕ ವೇದಿಕೆಗೆ ಹೋದಾಗ ಸಂಘ ಇದೇ ಮಾತು ಆಡಿತ್ತು. ಸಹಕಾರ ಕಾಯ್ದೆಯ ದಾರಿ ಇದ್ದರೂ ಗ್ರಾಹಕರ ಕಾಯ್ದೆಯ ದಾರಿ ಮುಚ್ಚುವುದಿಲ್ಲ ಎಂದು ಕೋರ್ಟು ಹೇಳಿತು. ಇಪ್ಪತ್ತು ವರ್ಷ ದಾಟಿದರೂ ಸಂಘಗಳು ಆ ತಕರಾರನ್ನು ಬಿಟ್ಟಿಲ್ಲ. ಗೆಲ್ಲುವುದಕ್ಕೆ ಇರಲಿಕ್ಕಿಲ್ಲ, ಒಂದೆರಡು ತಾರೀಖು ಮುಂದೆ ಹೋಗಲಿ ಎಂಬುದಕ್ಕೆ ಸಾಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳ್ಳಿಯವನ ಕಡೆ ಸ್ವಲ್ಪ ವಾಲಿದೆ. ಸಂಘದ ಹೆಡ್ ಆಫೀಸು ಎಲ್ಲೇ ಇರಲಿ, ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 50 ಲಕ್ಷದವರೆಗಿನದು ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ವಕೀಲರನ್ನು ಇಡಲೇಬೇಕೆಂದಿಲ್ಲ. ನೋಟಿಸು ಮುಟ್ಟಿದ ಸಂಘ 30 ದಿನದಲ್ಲಿ, ಬಹಳವೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ಆ 45 ದಿನದ ಮೇಲೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಮೂರು ತಿಂಗಳ ಮಾತು ಕಾಯ್ದೆಯ ಪುಸ್ತಕದಲ್ಲಿದೆ, ಅಷ್ಟೇ.

ಆದೇಶ ಬಂದ ದಿನ ಮನೆಯಲ್ಲಿ ಪೇಢೆ ಹಂಚುತ್ತಾರೆ. ಅಸಲು, ಬಡ್ಡಿ, ಮಾನಸಿಕ ಯಾತನೆಗೆ ಇಷ್ಟು, ಖರ್ಚಿಗೆ ಇಷ್ಟು ಎಂದು ಬರೆದ ಹಾಳೆ ಕೈಗೆ ಬರುತ್ತದೆ. ಬಂದದ್ದು ಹಾಳೆ, ದುಡ್ಡು ಇನ್ನೂ ಬಂದಿಲ್ಲ. ಸಂಘ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು, ಹೋಗುವುದಾದರೆ ಆದೇಶದ ಅರ್ಧ ಹಣ ಮೊದಲು ಕಟ್ಟಬೇಕು. ಹೋಗದೆ, ಕೊಡದೆ ಸುಮ್ಮನೆ ಕೂತರೆ ಠೇವುದಾರ ಮತ್ತೊಮ್ಮೆ ಅರ್ಜಿ ಹಾಕಬೇಕು. ಗ್ರಾಹಕರ ಕಾಯ್ದೆಯ 71ನೇ ಕಲಮಿನಲ್ಲಿ ಸಿವಿಲ್ ಕೋರ್ಟಿನ ಡಿಕ್ರಿಯಂತೆ ಆಸ್ತಿ ಜಪ್ತಿ ಮಾಡಿಸಬಹುದು. 72ರಲ್ಲಿ ಆದೇಶ ಮೀರಿದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಯಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೌಂಟರಿನ ಹಿಂದೆ ಕೊನೆಗೂ ಕುರ್ಚಿ ಅಲುಗಾಡುವುದು ಈ 72ರ ನೋಟಿಸಿಗೆ. ಡೈರೆಕ್ಟರುಗಳು ಸ್ವಂತ ಕಿಸೆಯಿಂದ ಕೊಡಬೇಕೇ ಎಂಬುದು ಮಾತ್ರ ಒಂದೊಂದು ಪ್ರಕರಣದ ಸಂಗತಿ ನೋಡಿ ತೀರ್ಮಾನವಾಗುವಂಥದ್ದು, ಅದರಲ್ಲಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ತಿಜೋರಿಯೇ ಬರಿದಾದ ಸಂಘದಿಂದ ಯಾವ ಕಲಮೂ ದುಡ್ಡು ತೆಗೆಯಲಾರದು. ಮೊದಲು ಹೋದವನಿಗೆ ಏನಾದರೂ ಸಿಕ್ಕೀತು, ಮಾರ್ಚಿಗಾಗಿ ಕಾದವನಿಗೆ ಕಷ್ಟ.

ಆದ್ದರಿಂದ ಈ ಸೀಮೆಯ ಠೇವುದಾರರಲ್ಲಿ ಒಂದು ವಿನಂತಿ. ಮುದ್ದತು ಮುಗಿದ ವಾರದಲ್ಲೇ ದುಡ್ಡು ಬೇಕೆಂದು ಬರೆದು ಕೊಡಿ, ಮೊಹರು ಹಾಕಿದ ಪೋಚು ಇಸಿದುಕೊಳ್ಳಿ. ಮೊಹರು ಹಾಕಲು ಒಲ್ಲೆ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಸಲಿ ಪಾವತಿ ಕೌಂಟರಿನ ಆಚೆ ಕೊಡಬೇಡಿ, ಕೊಡಲೇಬೇಕಾದರೆ ಎರಡೂ ಮಗ್ಗುಲು ಝೆರಾಕ್ಸ್ ತೆಗೆಸಿಕೊಂಡು ಕೊಡಿ. ರಿನಿವಲ್‌ಗೆ ಸಹಿ ಮಾಡಬೇಡಿ. ದೂರು ಕೊಡಲು ಕಾಯ್ದೆ ಇಟ್ಟಿರುವ ಗಡುವು ಎರಡು ವರ್ಷ. ತಡವಾದವರಿಗೆ ಸಕಾರಣವಿದ್ದರೆ ಮಾಫಿ ಉಂಟು, ಆದರೆ ಅದನ್ನು ನಂಬಿ ಕೂಡುವುದು ಬೇಡ. ದಾರಿ ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಕನ್ನಡದಲ್ಲೇ ಮಾತಾಡಬಹುದು, ಫೋನಿಗೆ ದುಡ್ಡು ಬೀಳುವುದಿಲ್ಲ.