ಒಳಗಿಟ್ಟ ಕುಂಡಕ್ಕೆ ಹೇನು ಹತ್ತಿದರೆ

ನಮ್ಮ ತರಗತಿಯ ಕಿಟಕಿಯಲ್ಲಿರುವ ಕಾಡುಬಸಳೆಯ ಎಳೆ ಚಿಗುರು ನೋಡಿದ್ದೀರಾ? ಅದಕ್ಕೆ ಹೇನು ಹತ್ತಿದೆ. ಇದು ತಲೆಹೇನಲ್ಲ, ಸಸ್ಯಹೇನು. ಸಾಸಿವೆ ಕಾಳಿನಷ್ಟು ಸಣ್ಣದು, ಗಿಡದ ರಸ ಹೀರುತ್ತದೆ. ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುತ್ತದೆ. ಅದಕ್ಕೇ ಬೇಗ ಬೇಗ ಹೆಚ್ಚುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತವೆ. ಇರುವೆ ಸಾಲು ಕಂಡರೆ ಎಲೆ ತಿರುವಿ ನೋಡಿ.

"ಹೊಲಕ್ಕೆ ಹೊಡೆಯೋ ಔಷಧಿ ತರ್ತೀನಿ" ಅಂತ ಕೆಲವರು ಹೇಳ್ತಾರೆ. ಬೇಡವೇ ಬೇಡ! ನಾವು ಕೂತು ಉಸಿರಾಡುವ ಕೋಣೆಯಲ್ಲಿ ಅದು ವಿಷ. ಹೀಗೆ ಮಾಡೋಣ:

1. ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ.
2. ಒದ್ದೆ ಬಟ್ಟೆಯಿಂದ ಹೇನು ಒರೆಸಿ. ತುಂಬಾ ಹತ್ತಿದ ಚಿಗುರು ಚಿವುಟಿ ಹಾಕಿ.
3. ಆಮೇಲೂ ಉಳಿದರೆ 1 ಲೀಟರ್ ನೀರಿಗೆ 1 ಟೀ ಚಮಚ ದ್ರವ ಸೋಪು ಬೆರೆಸಿ. ಮೊದಲು ಒಂದೇ ಎಲೆಗೆ ಹಚ್ಚಿ. ಮರುದಿನ ಎಲೆ ಸುಡದಿದ್ದರೆ ಸಂಜೆ ಎಲ್ಲ ಕಡೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಸೋಪು ತಾಗಿದ ಹೇನು ಮಾತ್ರ ಸಾಯುತ್ತದೆ, ಆದ್ದರಿಂದ ವಾರ ಬಿಟ್ಟು ಮತ್ತೆ ಮಾಡಿ.
4. ತೊಳೆಯುವಾಗ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿ. ದಪ್ಪ ಎಲೆಯ ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ.

ಗುಲಗಂಜಿ ಹುಳು ಕಂಡರೆ ಹೊಸಕಬೇಡಿ. ಹೇನು ತಿನ್ನುವ ಗೆಳೆಯ ಅದು!