ಕೈಯಲ್ಲಿ ಕೆಲವೇ ವಿಮಾನ, ಕಾಯಬೇಕಾದದ್ದು ಇಡೀ ಆಕಾಶ

1940ರಲ್ಲಿ ಬ್ರಿಟನ್ನಿನ ಚಿಕ್ಕ ಫೈಟರ್ ಪಡೆ ಜರ್ಮನಿಯ ದೊಡ್ಡ ವಾಯುಪಡೆಯ ಎದುರು ನಿಂತದ್ದು ಹೇಗೆ? ಉತ್ತರ ಪೈಲಟ್‌ಗಳ ಧೈರ್ಯದಲ್ಲಿ ಎಷ್ಟಿದೆಯೋ, ನೆಲದ ಮೇಲೆ ಕುಳಿತವರ ಲೆಕ್ಕಾಚಾರದಲ್ಲೂ ಅಷ್ಟೇ ಇದೆ.

1940ರ ಮೇ 16. ಫ್ರಾನ್ಸ್ ಕುಸಿಯುತ್ತಿತ್ತು. ಜರ್ಮನಿಯ ಟ್ಯಾಂಕುಗಳು ಮ್ಯೂಸ್ ನದಿ ದಾಟಿ ಮುನ್ನುಗ್ಗಿದ್ದವು. ಇನ್ನಷ್ಟು ಫೈಟರ್ ಸ್ಕ್ವಾಡ್ರನ್‌ಗಳನ್ನು ಕಳಿಸಿ ಎಂದು ಫ್ರೆಂಚ್ ಸರ್ಕಾರ ಲಂಡನ್ನಿಗೆ ಮೊರೆಯಿಡುತ್ತಿತ್ತು. ಮಿತ್ರದೇಶದ ಕೈಬಿಡಲು ಪ್ರಧಾನಿ ಚರ್ಚಿಲ್‌ಗೆ ಮನಸ್ಸಿರಲಿಲ್ಲ. ಅದೇ ದಿನ ಫೈಟರ್ ಕಮಾಂಡ್‌ನ ಮುಖ್ಯಸ್ಥ ಹ್ಯೂ ಡೌಡಿಂಗ್ ವಾಯು ಸಚಿವಾಲಯಕ್ಕೆ ಹತ್ತು ಅಂಶಗಳ ಒಂದು ಪತ್ರ ಬರೆದರು. ದೇಶದ ರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂದು ಲೆಕ್ಕ ಹಾಕಿದ್ದೆವು, ಈಗ ಉಳಿದಿರುವುದು 36 ಮಾತ್ರ. ಮನೆ ಕಾಯಲು ಎಷ್ಟು ಉಳಿಸಿಕೊಳ್ಳಬೇಕೆಂದು ಈಗಲೇ ತೀರ್ಮಾನಿಸಿ, ಆಮೇಲೆ ಎಷ್ಟೇ ಒತ್ತಡ ಬಂದರೂ ಒಂದು ಫೈಟರನ್ನೂ ಕಡಲಾಚೆ ಕಳಿಸಬೇಡಿ. ಪತ್ರದ ತಿರುಳು ಇದು.

ಮಿತ್ರದೇಶ ಸೋಲುತ್ತಿರುವಾಗ ಹೀಗೆ ಬರೆಯಲು ಗಟ್ಟಿ ಎದೆ ಬೇಕು. ಆದರೆ ಡೌಡಿಂಗ್ ಮುಂದಿನದನ್ನು ಕಂಡಿದ್ದರು. ಫ್ರಾನ್ಸಿನ ಆ ಕೆಲವೇ ವಾರಗಳ ಕಾಳಗದಲ್ಲಿ ಬ್ರಿಟನ್ 400ಕ್ಕೂ ಹೆಚ್ಚು ಫೈಟರ್‌ಗಳನ್ನು ಕಳೆದುಕೊಂಡಿತು. ಇನ್ನಷ್ಟು ಕಳಿಸಿದ್ದರೆ ಇನ್ನಷ್ಟು ಹೋಗುತ್ತಿದ್ದವು, ಫ್ರಾನ್ಸಂತೂ ಉಳಿಯುತ್ತಿರಲಿಲ್ಲ. ಚಿಕ್ಕ ವಾಯುಪಡೆ ದೇಶ ಕಾಯುವ ವಿದ್ಯೆಯ ಮೊದಲ ಪಾಠ ಇದೇ: ಇರುವ ಬಲವನ್ನು ಎಲ್ಲಿ ಖರ್ಚು ಮಾಡಬಾರದು ಎಂದು ತಿಳಿದಿರಬೇಕು.

ನಿಮಿಷಗಳ ಲೆಕ್ಕ

ಜುಲೈ ಹೊತ್ತಿಗೆ ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್, ನಾರ್ವೆಗಳ ವಾಯುನೆಲೆಗಳೆಲ್ಲ ಜರ್ಮನಿಯ ವಶವಾಗಿದ್ದವು. ಅಲ್ಲಿ ಹಾರಲು ಸಿದ್ಧವಾಗಿದ್ದ ವಿಮಾನಗಳು ಸುಮಾರು 2,500. ಎದುರಿಗೆ ಬ್ರಿಟನ್ನಿನ ಫೈಟರ್‌ಗಳು ಸುಮಾರು 650. ಫೈಟರ್‌ಗೆ ಫೈಟರ್ ಎಂದು ಎಣಿಸಿದರೆ ಅಂತರ ಇಷ್ಟು ದೊಡ್ಡದಲ್ಲ, ನಿಜ. ಆದರೆ ಎಲ್ಲಿ, ಯಾವಾಗ ಹೊಡೆಯಬೇಕೆಂಬ ಆಯ್ಕೆ ದಾಳಿಕೋರನದು. ಅವನು ನೂರಾರು ವಿಮಾನಗಳನ್ನು ಒಂದೇ ಕಡೆ ಕೂಡಿಸಿ ತರಬಲ್ಲ. ಕಾಯುವವನು ಇಡೀ ಕರಾವಳಿಯ ಮೇಲೆ ಕಣ್ಣಿಡಬೇಕು.

ಇನ್ನೂ ದೊಡ್ಡ ತೊಡಕು ಸಮಯದ್ದು. ಕ್ಯಾಲೆಯ ಬಳಿ ಇಂಗ್ಲಿಷ್ ಕಾಲುವೆಯನ್ನು ವಿಮಾನ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ನೆಲದಲ್ಲಿ ನಿಂತ ಹರಿಕೇನ್ ಫೈಟರ್ 20,000 ಅಡಿ ಏರಿ ಹೋರಾಟಕ್ಕೆ ಸಜ್ಜಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಶತ್ರು ಕಣ್ಣಿಗೆ ಬಿದ್ದ ಮೇಲೆ ಹೊರಟರೆ ಕೆಲಸ ಕೆಟ್ಟಂತೆಯೇ. ಹಾಗೆಂದು ಬೆಳಗಿನಿಂದ ಸಂಜೆಯವರೆಗೆ ಆಕಾಶದಲ್ಲಿ ಗಸ್ತು ತಿರುಗುತ್ತಿದ್ದರೆ ಎಂಜಿನ್ ಸವೆಯುತ್ತದೆ, ಇಂಧನ ಮುಗಿಯುತ್ತದೆ, ಪೈಲಟ್ ಬಳಲುತ್ತಾನೆ. ನಿಜವಾದ ದಾಳಿ ಬಂದಾಗ ಅರ್ಧಕ್ಕರ್ಧ ಪಡೆ ನೆಲದಲ್ಲಿ ಇಂಧನ ತುಂಬಿಸಿಕೊಳ್ಳುತ್ತಿರುತ್ತದೆ.

ಈ ಗಂಟನ್ನು ಬಿಡಿಸಿದ್ದು ರೇಡಾರ್. 1935ರ ಫೆಬ್ರುವರಿ 26ರಂದು ಡ್ಯಾವೆಂಟ್ರಿ ಬಳಿ ರಾಬರ್ಟ್ ವಾಟ್ಸನ್-ವಾಟ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ ಒಂದು ಪ್ರಯೋಗ ಮಾಡಿದರು. ಬಿಬಿಸಿಯ ರೇಡಿಯೊ ಅಲೆಗಳು ಹಾರುವ ಬಾಂಬರ್‌ಗೆ ಬಡಿದು ಮರಳುವುದನ್ನು ಉಪಕರಣದಲ್ಲಿ ಕಂಡರು. ಆಗ ವಾಯುಪಡೆಯ ಸಂಶೋಧನಾ ವಿಭಾಗ ನೋಡಿಕೊಳ್ಳುತ್ತಿದ್ದವರು ಇದೇ ಡೌಡಿಂಗ್. ಯುದ್ಧ ಶುರುವಾಗುವಷ್ಟರಲ್ಲಿ ಇಂಗ್ಲೆಂಡಿನ ಪೂರ್ವ, ದಕ್ಷಿಣ ಕರಾವಳಿಯಲ್ಲಿ ‘ಚೈನ್ ಹೋಮ್’ ಗೋಪುರಗಳು ಸಾಲುಗಟ್ಟಿದ್ದವು. ಫ್ರಾನ್ಸಿನ ಆಕಾಶದಲ್ಲಿ ಜರ್ಮನ್ ವಿಮಾನಗಳು ಗುಂಪುಗೂಡುವಾಗಲೇ ಇಲ್ಲಿ ಸುಳಿವು ಸಿಗುತ್ತಿತ್ತು.

ಸುದ್ದಿ ಓಡುವ ದಾರಿ

ರೇಡಾರ್ ಜರ್ಮನಿಯ ಬಳಿಯೂ ಇತ್ತು, ಉಪಕರಣವಾಗಿ ಇನ್ನೂ ನಯವಾದದ್ದೇ ಇತ್ತು. ಬ್ರಿಟನ್ನಿನ ಹಿರಿಮೆ ಇದ್ದದ್ದು ಸುದ್ದಿಯನ್ನು ಬಳಸಿದ ಬಗೆಯಲ್ಲಿ. ಕರಾವಳಿಯ ರೇಡಾರ್ ಕೇಂದ್ರಗಳ ವರದಿ ಮೊದಲು ಲಂಡನ್ನಿನ ಹೊರವಲಯದ ಬೆಂಟ್ಲಿ ಪ್ರಯರಿಯಲ್ಲಿದ್ದ ಫಿಲ್ಟರ್ ರೂಮ್‌ಗೆ ಬರುತ್ತಿತ್ತು. ಎರಡು ಕೇಂದ್ರಗಳು ಒಂದೇ ಗುಂಪನ್ನು ಕಂಡಿರಬಹುದು, ಎಣಿಕೆ ತಪ್ಪಿರಬಹುದು, ಹಾರುತ್ತಿರುವುದು ನಮ್ಮದೇ ವಿಮಾನವಾಗಿರಬಹುದು. ಇವನ್ನೆಲ್ಲ ಸೋಸಿದ ಮೇಲಷ್ಟೇ ಚಿತ್ರ ಮುಂದಕ್ಕೆ ಹೋಗುತ್ತಿತ್ತು. ಅಂದಿನ ರೇಡಾರ್ ನೋಡುತ್ತಿದ್ದದ್ದು ಸಮುದ್ರದ ಕಡೆಗೆ ಮಾತ್ರ. ಶತ್ರು ಕರಾವಳಿ ದಾಟಿ ಒಳಬಂದ ಮೇಲೆ ಅಬ್ಸರ್ವರ್ ಕೋರ್‌ನ ಸಾವಿರಾರು ಸ್ವಯಂಸೇವಕರು ದುರ್ಬೀನು ಹಿಡಿದು, ಕಿವಿಗೊಟ್ಟು, ಫೋನಿನಲ್ಲಿ ವರದಿ ಕೊಡುತ್ತಿದ್ದರು.

ಕಾರ್ಯಾಚರಣೆ ಕೊಠಡಿಯ ದೊಡ್ಡ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ವಾಯುಪಡೆಯ ಮಹಿಳಾ ಸಿಬ್ಬಂದಿ ಉದ್ದನೆಯ ಕೋಲುಗಳಿಂದ ಗುರುತುಬಿಲ್ಲೆಗಳನ್ನು ಸರಿಸುತ್ತಿದ್ದರು. ಗೋಡೆಯ ಗಡಿಯಾರವನ್ನು ಐದೈದು ನಿಮಿಷಗಳ ಕೆಂಪು, ಹಳದಿ, ನೀಲಿ ಪಟ್ಟಿಗಳಾಗಿ ಭಾಗಿಸಲಾಗಿತ್ತು. ಸುದ್ದಿ ಬಂದಾಗ ಮುಳ್ಳು ಯಾವ ಬಣ್ಣದ ಮೇಲಿತ್ತೋ ಆ ಬಣ್ಣದ ಗುರುತನ್ನೇ ಇಡಬೇಕು. ನಕ್ಷೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾವುದು ತಾಜಾ ಸುದ್ದಿ, ಯಾವುದು ಹಳಸಿದ್ದು ಎಂದು ಅಧಿಕಾರಿಗೆ ತಿಳಿಯುತ್ತಿತ್ತು. ಹಳೆಯ ಸುದ್ದಿ ನಂಬಿ ವಿಮಾನ ಕಳಿಸುವಷ್ಟು ಶ್ರೀಮಂತಿಕೆ ಆ ಪಡೆಗೆ ಇರಲಿಲ್ಲ.

ಇದರಿಂದಾಗಿ ಪೈಲಟ್‌ಗಳು ರನ್‌ವೇ ಪಕ್ಕದ ಕುರ್ಚಿಗಳಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ಕರೆ ಬಂದಾಗಷ್ಟೇ ಓಡಬೇಕು, ಹೋಗಬೇಕಾದ ದಿಕ್ಕು, ಎತ್ತರಗಳನ್ನು ರೇಡಿಯೊ ಹೇಳುತ್ತಿತ್ತು. ಒಂದು ವಿಮಾನ ಮೂರು ವಿಮಾನಗಳ ಕೆಲಸ ಮಾಡಿದ್ದು ಹೀಗೆ.

ಕೀತ್ ಪಾರ್ಕ್ ಕಾಯ್ದುಕೊಂಡ ಸಂಯಮ

ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡನ್ನು ಕಾಯುತ್ತಿದ್ದ 11ನೇ ಗ್ರೂಪಿನ ದಂಡನಾಯಕ ನ್ಯೂಜಿಲೆಂಡಿನ ಕೀತ್ ಪಾರ್ಕ್. ಇರುವುದನ್ನೆಲ್ಲ ಒಂದೇ ಬಾರಿಗೆ ಮೇಲಕ್ಕೆ ಕಳಿಸುವ ಆಸೆಗೆ ಅವರು ಬಲಿಯಾಗಲಿಲ್ಲ. ಒಂದೊಂದು, ಎರಡೆರಡು ಸ್ಕ್ವಾಡ್ರನ್‌ಗಳನ್ನು ಕಳಿಸುತ್ತಿದ್ದರು, ಉಳಿದವು ಮುಂದಿನ ಅಲೆಗಾಗಿ ಕಾದಿರುತ್ತಿದ್ದವು. ಬಾಂಬರ್‌ಗಳಿಲ್ಲದೆ ಬರೀ ಫೈಟರ್‌ಗಳು ಬಂದರೆ ಅದು ಕೆಣಕಿ ಕಾಳಗಕ್ಕೆ ಎಳೆಯುವ ತಂತ್ರ, ಅದಕ್ಕೆ ಸಿಕ್ಕಿಬೀಳಬೇಡಿ. ಓಡಿಹೋಗುವವರನ್ನು ಕಡಲಾಚೆಗೆ ಅಟ್ಟಿಸಿಕೊಂಡು ಹೋಗಬೇಡಿ. ಅವರ ಆದೇಶಗಳ ಸಾರ ಇದು.

ಸ್ವಂತ ನೆಲದ ಮೇಲೆ ಹೋರಾಡುವುದರ ಲಾಭವೂ ಸಣ್ಣದಲ್ಲ. ಪ್ಯಾರಾಚೂಟ್‌ನಲ್ಲಿ ಇಳಿದ ಬ್ರಿಟಿಷ್ ಪೈಲಟ್‌ಗೆ ಗಾಯವಾಗದಿದ್ದರೆ ಮರುದಿನವೇ ಮತ್ತೆ ಹಾರಬಹುದಿತ್ತು. ಜರ್ಮನ್ ಪೈಲಟ್ ಇಳಿದರೆ ಸೆರೆಯೇ ಗತಿ. ಜರ್ಮನಿಯ ಮೆಸರ್‌ಸ್ಮಿಟ್ 109 ಫೈಟರ್‌ಗೆ ಲಂಡನ್ ಮೇಲೆ ಹೋರಾಡಲು ಕೆಲವೇ ನಿಮಿಷಗಳ ಇಂಧನ ಉಳಿಯುತ್ತಿತ್ತು. ಬ್ರಿಟನ್ನಿನಲ್ಲಿ ಜಖಂಗೊಂಡು ಬಿದ್ದ ಫೈಟರ್‌ಗಳನ್ನು ಲಾರಿಗಳಲ್ಲಿ ಹೊತ್ತೊಯ್ದು ರಿಪೇರಿ ಮಾಡಿ ಮರಳಿಸುವ ದೊಡ್ಡ ವ್ಯವಸ್ಥೆಯಿತ್ತು. ಕಾರ್ಖಾನೆಗಳು ತಿಂಗಳಿಗೆ ಜರ್ಮನಿಗಿಂತ ಹೆಚ್ಚು ಫೈಟರ್ ತಯಾರಿಸುತ್ತಿದ್ದವು. ಕೊರತೆ ಬಿದ್ದದ್ದು ಪಳಗಿದ ಪೈಲಟ್‌ಗಳಿಗೆ. ಆ ಕೊರತೆ ತುಂಬಲು ಪೋಲೆಂಡಿನ 145 ಮಂದಿ ನೆರವಾದರು. ತಮ್ಮ ದೇಶ ಕಳೆದುಕೊಂಡು ಬಂದಿದ್ದ ಅವರಿಗೆ ಈ ಹೋರಾಟ ಪರರದ್ದೆನಿಸಲಿಲ್ಲ.

ಶತ್ರು ತಪ್ಪು ಮಾಡುವವರೆಗೆ

ಆಗಸ್ಟ್ 12ರಂದು ರೇಡಾರ್ ಕೇಂದ್ರಗಳ ಮೇಲೆ ಬಾಂಬು ಬಿತ್ತು. ವೆಂಟ್ನರ್ ಕೇಂದ್ರ ಕೆಟ್ಟುಹೋಯಿತು, ಉಳಿದವು ಕೆಲವೇ ಗಂಟೆಗಳಲ್ಲಿ ಮತ್ತೆ ಕೆಲಸಕ್ಕೆ ಬಂದವು. ರೇಡಾರ್ ಮೇಲಿನ ದಾಳಿಯಿಂದ ಪ್ರಯೋಜನವಿಲ್ಲವೆಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಅದನ್ನು ಕೈಬಿಟ್ಟ. ಆಮೇಲೆ ವಾಯುನೆಲೆಗಳ ಸರದಿ. ಬಿಗಿನ್ ಹಿಲ್ ನೆಲೆ ಮತ್ತೆ ಮತ್ತೆ ಬಾಂಬಿಗೆ ತುತ್ತಾಯಿತು. ಅಲ್ಲಿ ಕರ್ತವ್ಯದ ಜಾಗ ಬಿಟ್ಟು ಕದಲದ ಜೋನ್ ಮಾರ್ಟಿಮರ್, ಹೆಲೆನ್ ಟರ್ನರ್, ಎಲ್ಸ್‌ಪೆತ್ ಹೆಂಡರ್ಸನ್ ಎಂಬ ಮೂವರು ಮಹಿಳೆಯರಿಗೆ ಮಿಲಿಟರಿ ಮೆಡಲ್ ಸಂದಿತು. ದೂರವಾಣಿಯ ತಂತಿ ಕಡಿದರೆ ಪೈಲಟ್ ಕುರುಡನಾಗುತ್ತಾನೆಂದು ಬಲ್ಲವರು ಅವರು. ಆ ಯುದ್ಧದ ವೀರರನ್ನು ನೆನೆಯುವಾಗ ಸ್ಪಿಟ್‌ಫೈರ್ ಹಾರಿಸಿದವರ ಜೊತೆಗೆ ಈ ಮೂವರ ಹೆಸರನ್ನೂ ನಾವು ಹೇಳಲೇಬೇಕು.

ಸೆಪ್ಟೆಂಬರ್ 7ರಂದು ಜರ್ಮನಿ ವಾಯುನೆಲೆಗಳನ್ನು ಬಿಟ್ಟು ಲಂಡನ್ ನಗರದತ್ತ ತಿರುಗಿತು. ಜನ ಅಪಾರವಾಗಿ ನರಳಿದರು, ಆದರೆ ನೆಲೆಗಳಿಗೆ ಉಸಿರು ಬಂತು. ಸೆಪ್ಟೆಂಬರ್ 15ರಂದು ಬಂದ ದೊಡ್ಡ ದಾಳಿಗಳನ್ನು ಪಾರ್ಕ್ ಅವರ ಪಡೆ ಚದುರಿಸಿತು. ಎರಡು ದಿನಗಳ ನಂತರ ಹಿಟ್ಲರ್ ಇಂಗ್ಲೆಂಡ್ ಆಕ್ರಮಣವನ್ನು ಮುಂದೂಡಿದ. ಅದು ಎಂದೂ ನಡೆಯಲೇ ಇಲ್ಲ. ಬ್ರಿಟನ್ ಪರವಾಗಿ ಹಾರಿದ ಸುಮಾರು 2,900 ಮಂದಿಯಲ್ಲಿ 544 ಜನ ಆ ಕಾಳಗದಲ್ಲೇ ಪ್ರಾಣ ತೆತ್ತಿದ್ದರು.

ಗೆದ್ದ ಇಬ್ಬರಿಗೂ ಸಿಕ್ಕಿದ್ದು ಕಹಿ. ದೊಡ್ಡ ಗುಂಪು ಕಟ್ಟಿ ಹೊಡೆಯಬೇಕಿತ್ತೆಂಬ ಟೀಕೆಯ ನಡುವೆ, ವರ್ಷ ಮುಗಿಯುವಷ್ಟರಲ್ಲಿ ಡೌಡಿಂಗ್ ಮತ್ತು ಪಾರ್ಕ್ ಇಬ್ಬರನ್ನೂ ಆ ಹುದ್ದೆಗಳಿಂದ ಸರಿಸಲಾಯಿತು. ಇದು ಅನ್ಯಾಯವೆಂದೇ ನನ್ನ ಭಾವನೆ. ಪಾರ್ಕ್ 1942ರ ಜುಲೈನಲ್ಲಿ ಮಾಲ್ಟಾ ದ್ವೀಪಕ್ಕೆ ಹೋಗಿ, ರೇಡಾರ್ ಸುಳಿವು ಹಿಡಿದು ಶತ್ರುವನ್ನು ಸಮುದ್ರದ ಮೇಲೆಯೇ ತಡೆದು ತಮ್ಮ ವಿದ್ಯೆಯನ್ನು ಮತ್ತೊಮ್ಮೆ ರುಜುವಾತುಪಡಿಸಿದರು.

ಈ ಕಥೆಯ ಮುಂದಿನ ಪುಟದಲ್ಲಿ ನಮ್ಮ ನಾಡಿನ ಗುರುತೂ ಇದೆ. ಮೈಸೂರು ಸಂಸ್ಥಾನದ ಧನಸಹಾಯದ ಗೌರವಾರ್ಥ, 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಕಟ್ಟಿದ 129ನೇ ಸ್ಕ್ವಾಡ್ರನ್‌ಗೆ ‘ಮೈಸೂರು’ ಎಂದೇ ಹೆಸರಿಟ್ಟರು. ಅದರ ಲಾಂಛನ ಗಂಡಭೇರುಂಡ.

ಇಂದಿಗೂ ಇದೇ ಲೆಕ್ಕ

ಕ್ಷಿಪಣಿಗಳ ಕಾಲದಲ್ಲೂ ಮೂಲಸೂತ್ರ ಬದಲಾಗಿಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾದ ಮೊದಲ ಹೊಡೆತ ಬೀಳುವ ಮುನ್ನ ಉಕ್ರೇನ್ ತನ್ನ ಹಲವು ವಿಮಾನಗಳನ್ನೂ ವಾಯುರಕ್ಷಣಾ ಘಟಕಗಳನ್ನೂ ಬೇರೆಡೆಗೆ ಚದುರಿಸಿತ್ತು. ಹಾಗಾಗಿ ಮೊದಲ ದಿನವೇ ಆಕಾಶ ಕೈತಪ್ಪಲಿಲ್ಲ. ಸ್ವೀಡನ್, ಫಿನ್ಲೆಂಡ್ ದೇಶಗಳು ಹೆದ್ದಾರಿಗಳ ಮೇಲೆ ಫೈಟರ್ ಇಳಿಸುವ ಅಭ್ಯಾಸವನ್ನು ದಶಕಗಳಿಂದ ಮಾಡುತ್ತಿರುವುದೂ ಇದೇ ಕಾರಣಕ್ಕೆ.

ಚಿಕ್ಕ ವಾಯುಪಡೆಗೆ ಆಕಾಶವನ್ನು ಪೂರ್ತಿ ಗೆಲ್ಲುವ ಹಂಗಿಲ್ಲ. ಶತ್ರು ಅದನ್ನು ಗೆಲ್ಲದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಅದು ನಾಳೆಯೂ ಬದುಕಿರಬೇಕು, ನಾಡಿದ್ದೂ ಹಾರಬೇಕು. ಈ ಸಿದ್ಧತೆ ಯುದ್ಧ ಬಂದ ಮೇಲೆ ಆಗುವಂಥದ್ದಲ್ಲ. ಡೌಡಿಂಗ್ 1936ರಲ್ಲೇ ಫೈಟರ್ ಕಮಾಂಡ್ ವಹಿಸಿಕೊಂಡು, ಶಾಂತಿಯ ವರ್ಷಗಳಲ್ಲಿ ಗೋಪುರ, ಫೋನ್ ತಂತಿ, ನಕ್ಷೆಯ ಕೊಠಡಿಗಳನ್ನು ಒಂದೊಂದಾಗಿ ಜೋಡಿಸಿದ್ದರು. ಹೊಸ ಫೈಟರ್ ಖರೀದಿಯ ಸುದ್ದಿ ಬಂದಾಗಲೆಲ್ಲ ಎಷ್ಟು ವಿಮಾನ ಎಂದು ಕೇಳುವ ನಾವು, ಅವನ್ನು ಕಾಯುವ ರೇಡಾರ್ ಎಷ್ಟು, ರಿಪೇರಿ ಮಾಡುವ ಕೈಗಳು ಎಷ್ಟು, ತರಬೇತಿಯಲ್ಲಿರುವ ಪೈಲಟ್‌ಗಳು ಎಷ್ಟು ಎಂದೂ ಕೇಳಬೇಕು. ದೇಶದ ರಕ್ಷಣೆಯ ನಿಜವಾದ ಲೆಕ್ಕ ಆ ಉತ್ತರಗಳಲ್ಲಿದೆ.