ಹೆಬ್ಬಾಳ ಕೆರೆಯಲ್ಲಿ ಕಾಣದ ಉಬ್ಬರ ಸಮುದ್ರದಲ್ಲಿ ಯಾಕೆ? ಟೂರ್‌ಗೆ ಮೊದಲು ಮಕ್ಕಳಿಗೆ ತಿಳಿಸಿ

ಯಲಹಂಕ: ಡಿಸೆಂಬರ್ ಬಂತೆಂದರೆ ನಮ್ಮ ಭಾಗದ ಶಾಲೆಗಳಿಂದ ಮಲ್ಪೆ, ಮುರ್ಡೇಶ್ವರದ ಕಡೆ ಟೂರ್ ಬಸ್ ಹೊರಡುತ್ತವೆ. ಕೆರೆ ನೋಡಿ ಬೆಳೆದ ಮಕ್ಕಳಿಗೆ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುವುದು ಹೊಸದು.

ಮುಖ್ಯ ಕಾರಣ ಚಂದ್ರ. ತನ್ನ ಕಡೆಗಿರುವ ಸಮುದ್ರವನ್ನು ಜಾಸ್ತಿ ಎಳೆಯುತ್ತಾನೆ, ಅಲ್ಲಿ ನೀರು ಉಬ್ಬುತ್ತೆ. ಭೂಮಿಯ ಆಚೆ ಬದಿಗೆ ಎಳೆತ ಕಮ್ಮಿ; ಅಲ್ಲಿನ ನೀರು ಹಿಂದೆ ಉಳಿದು ಅಲ್ಲೂ ಉಬ್ಬುತ್ತೆ. ಭೂಮಿ ತಿರುಗುವಾಗ ಒಂದೇ ದಡಕ್ಕೆ ಎರಡೂ ಉಬ್ಬರ ಸಿಗುತ್ತವೆ, ಸುಮಾರು 12 ಗಂಟೆ 25 ನಿಮಿಷಕ್ಕೊಂದು. ಹಾಗಾಗಿ ಮಾರನೇ ದಿನ ಸುಮಾರು 50 ನಿಮಿಷ ತಡ.

ಸೂರ್ಯ ದೊಡ್ಡವನಾದ್ರೂ ಬಹಳ ದೂರ. ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಮ್ಮಿ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಉಬ್ಬರ ದೊಡ್ಡದು, ಅಷ್ಟಮಿ ಹೊತ್ತಿಗೆ ಚಿಕ್ಕದು. ಅಂಗಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿದ್ರೆ ಅಂದಾಜು ಸಿಗುತ್ತೆ. ಹೆಬ್ಬಾಳ ಕೆರೆ ತೀರಾ ಚಿಕ್ಕದು. ಈ ದಡಕ್ಕೂ ಆ ದಡಕ್ಕೂ ಎಳೆತದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಅಲ್ಲಿ ಉಬ್ಬರ ಕಾಣಲ್ಲ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಮುರ್ಡೇಶ್ವರಕ್ಕೆ ಹೋದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಉಬ್ಬರದ ಲೆಕ್ಕ ಗೊತ್ತಿದ್ರೂ ಅಲೆ, ಒಳಸೆಳೆತದ ಅಪಾಯ ಬೇರೆಯೇ ಇರುತ್ತೆ. ಲೈಫ್‌ಗಾರ್ಡ್ ಬೇಡ ಅಂದ ಮೇಲೆ ಮಕ್ಕಳನ್ನ ನೀರಿಗೆ ಇಳಿಸಬೇಡಿ.